ಕ್ಯಾಮೆರಾ ಬಾರದ ಊರಿನ ಸಾಕ್ಷಿ

ಇಂಗ್ಲಿಷಿನ 'ಡಾಕ್ಯುಮೆಂಟರಿ'ಗೆ ಹಿಂದಿಯವರು ವೃತ್ತಚಿತ್ರ ಎಂದರು. ಕನ್ನಡದವರು ಸಾಕ್ಷ್ಯಚಿತ್ರ ಎಂದೆವು. ವೃತ್ತ ಎಂದರೆ ನಡೆದ ಸಂಗತಿ. ಸಾಕ್ಷ್ಯ ಎಂದರೆ ಅಷ್ಟೇ ಅಲ್ಲ. ಸಾಕ್ಷ್ಯ ಎಂದ ಕೂಡಲೇ ಒಂದು ಕಟಕಟೆ, ಒಬ್ಬ ಕಂಡವನು, ಒಂದು ಪ್ರಮಾಣ, ಒಂದು ಪಾಟೀಸವಾಲು ಎಲ್ಲವೂ ಬರುತ್ತವೆ. ಯಾರೋ ಪುಣ್ಯಾತ್ಮರು ಕಟ್ಟಿದ ಈ ಪದ ಚಿತ್ರ ತೆಗೆಯುವವನ ಹೆಗಲ ಮೇಲೆ ದೊಡ್ಡ ಭಾರವನ್ನೇ ಹೊರಿಸಿದೆ. ನೀನು ತೋರಿಸುತ್ತಿರುವುದು ಸಾಬೀತಾಗಬೇಕು ಎಂದು ಅದು ಹೇಳುತ್ತದೆ.

ಮುಸ್ಲಿಮರ ಮನೆಮಾತಿನಲ್ಲಿ ಸಾಕ್ಷಿಗೆ ಇನ್ನೊಂದು ಪದವಿದೆ: ಶಹಾದತ್. ಕಂಡದ್ದನ್ನು ಹೇಳುವುದೂ ಶಹಾದತ್, ಸತ್ಯಕ್ಕಾಗಿ ಪ್ರಾಣ ಕೊಡುವುದೂ ಶಹಾದತ್. ಭೀಮಾ ಸೀಮೆಯ ಊರುಗಳಲ್ಲಿ ಮೊಹರಂ ಬಂತೆಂದರೆ ಕರ್ಬಲಾದ ಶಹಾದತ್ತಿನ ಕಥೆಯನ್ನು ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಆ ಹಾಡುಗಳಿಗೆ ರಿವಾಯತ ಎಂದು ಹೆಸರು. ಅರಬಿಯಲ್ಲಿ ರಿವಾಯತ್ ಎಂದರೆ ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ದಾಟಿಸಿದ ವರದಿ. ಹದೀಸಿನ ವಿದ್ವಾಂಸರು ಪ್ರತಿ ರಿವಾಯತ್ತಿನ ಹಿಂದೆಯೂ ಒಂದು ಸರಪಳಿಯನ್ನು ಕೇಳಿದರು. ಇದನ್ನು ನಿನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅವರು ನಂಬತಕ್ಕವರೇ ಎಂದು ವಿಚಾರಿಸಿದರು. ಆ ಸರಪಳಿಗೆ ಇಸ್ನಾದ್ ಅಥವಾ ಸನದ್ ಎಂದು ಹೆಸರು. ನಮ್ಮ ಹೊಲಮನೆಗಳ ಹಳೆಯ ಕಾಗದಗಳಲ್ಲಿ ಕಾಣುವ 'ಸನದು' ಕೂಡ ಅದೇ ಬೇರಿನ ಪದ. ಸಾಕ್ಷ್ಯಚಿತ್ರದ ಕಸುಬಿನ ಮಾತುಗಳನ್ನು ಅರ್ಥ ಮಾಡಿಕೊಳ್ಳಲು ಪ್ಯಾರಿಸ್ಸಿಗೋ ಲಂಡನ್ನಿಗೋ ಹೋಗಬೇಕಾದದ್ದು ನಿಜ. ಆದರೆ ಅವುಗಳ ಹಿಂದಿರುವ ಪ್ರಶ್ನೆ ನಮ್ಮ ಅಲಾಯಿ ಕುಣಿಯ ಸುತ್ತಲೇ ಇದೆ.

ಈ ಪ್ರಶ್ನೆಯನ್ನು ನಾವು ಒಂದು ಊರಿನ ಹೆಸರು ಹಿಡಿದು ಕೇಳಬಯಸುತ್ತೇವೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಕರಜಗಿ ಎಂಬ ಊರಿದೆ. ಜೋಳ, ತೊಗರಿ, ಕಬ್ಬಿನ ಸೀಮೆ. ಮಹಾರಾಷ್ಟ್ರದ ಗಡಿ ದೂರವಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಈ ಪಟ್ಟಿಯಲ್ಲಿ 1948ರಲ್ಲಿ ಏನು ನಡೆಯಿತು ಎಂಬುದರ ಮೇಲೆ ಯಾರಾದರೂ ಒಂದು ಸಾಕ್ಷ್ಯಚಿತ್ರ ತೆಗೆಯಹೊರಟರೆ ಅವರು ಏನನ್ನು ತೋರಿಸಬೇಕು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸಾಕ್ಷ್ಯಚಿತ್ರದ ನೂರು ಚಿಲ್ಲರೆ ವರ್ಷಗಳ ಇತಿಹಾಸವೂ ಬಿಚ್ಚಿಕೊಳ್ಳುತ್ತದೆ.

ಮೊದಲಿಗೆ ಇದ್ದದ್ದು ಬರೀ ನೋಟ. 1895ರಲ್ಲಿ ಫ್ರಾನ್ಸಿನ ಲೂಮಿಯೇ ಸಹೋದರರು ಕಾರ್ಖಾನೆಯಿಂದ ಹೊರಬರುತ್ತಿರುವ ಕೆಲಸಗಾರರನ್ನು ತೆಗೆದರು. 1896ರ ಜುಲೈ 7ರಂದು ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. 1899ರಲ್ಲಿ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಮುಂಬಯಿಯಲ್ಲಿ ಒಂದು ಕುಸ್ತಿ ಪಂದ್ಯವನ್ನು ಚಿತ್ರೀಕರಿಸಿದರು. ಭಾರತೀಯನೊಬ್ಬ ತೆಗೆದ ಮೊದಲ ಚಿತ್ರಗಳಲ್ಲಿ ಅದೊಂದು. ಇವನ್ನು ಕಸುಬಿನವರು 'ಆಕ್ಚುಯಾಲಿಟಿ' ಎನ್ನುತ್ತಾರೆ. ನಡೆಯುತ್ತಿರುವುದರ ಮುಂದೆ ಕ್ಯಾಮೆರಾ ಇಟ್ಟು ಹಿಡಿ ತಿರುಗಿಸಿದರೆ ಮುಗಿಯಿತು. ಅಲ್ಲಿ ವಾದವಿಲ್ಲ, ಕಥೆಯಿಲ್ಲ.

ವಾದ ಬಂದದ್ದು ರಾಬರ್ಟ್ ಫ್ಲಾಹರ್ಟಿಯ ಕಾಲಕ್ಕೆ. ಕೆನಡಾದ ಉತ್ತರದಲ್ಲಿ ಹಿಮದ ನಡುವೆ ಬದುಕುವ ಇನುಯಿಟ್ ಜನರ ಮೇಲೆ ಆತ ತೆಗೆದ 'ನಾನೂಕ್ ಆಫ್ ದಿ ನಾರ್ತ್' 1922ರಲ್ಲಿ ತೆರೆಕಂಡಿತು. ನಾಲ್ಕು ವರ್ಷಗಳ ನಂತರ ಆತನದೇ 'ಮೊವಾನಾ' ಚಿತ್ರವನ್ನು ವಿಮರ್ಶಿಸುತ್ತಾ ಜಾನ್ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನವನು ಅದಕ್ಕೆ 'ಡಾಕ್ಯುಮೆಂಟರಿ'ಯ ಮೌಲ್ಯವಿದೆ ಎಂದ. ಪದ ಅಂಟಿಕೊಂಡಿತು. ವಾಸ್ತವವನ್ನು ಸೃಜನಶೀಲವಾಗಿ ನಿರ್ವಹಿಸುವುದೇ ಡಾಕ್ಯುಮೆಂಟರಿ ಎಂಬ ಅರ್ಥದ ಅವನ ವ್ಯಾಖ್ಯೆ ಇಂದಿಗೂ ಚಾಲ್ತಿಯಲ್ಲಿದೆ. ತಮಾಷೆಯೆಂದರೆ, ಸಾಕ್ಷ್ಯಚಿತ್ರಗಳ ತಾಯಿ ಎನಿಸಿಕೊಂಡ 'ನಾನೂಕ್'ನಲ್ಲಿ ಕಟ್ಟಿ ತೋರಿಸಿದ್ದೇ ಬಹಳ. ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಾಕರಿಯಲ್ಲಾಕ್. ಅವನ ಜನ ಆಗಲೇ ಬಂದೂಕು ಬಳಸುತ್ತಿದ್ದರು. ಚಿತ್ರಕ್ಕಾಗಿ ಹಳೆಯ ಈಟಿ ಹಿಡಿದರು. ಹಿಮದ ಮನೆಯ ಒಳಗೆ ಬೆಳಕು ಸಾಲದೆಂದು ಒಂದು ಬದಿ ತೆರೆದಿಟ್ಟ ಮನೆಯನ್ನು ಕಟ್ಟಿದರು. ಇದಕ್ಕೆ ಕಸುಬಿನಲ್ಲಿ 'ರೀ-ಎನ್ಯಾಕ್ಟ್‌ಮೆಂಟ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಮರುನಟನೆ. ಹಾಗೆಂದು ಫ್ಲಾಹರ್ಟಿಯನ್ನು ಸುಳ್ಳುಗಾರ ಎಂದು ತಳ್ಳಿಹಾಕಲಾಗದು. ತೆಗೆದದ್ದನ್ನು ಅವನು ಆ ಜನರಿಗೇ ತೋರಿಸುತ್ತಿದ್ದ, ಅವರೊಡನೆ ಕೂತು ಮುಂದಿನ ದೃಶ್ಯ ಯೋಚಿಸುತ್ತಿದ್ದ. ತಪ್ಪು ಇದ್ದದ್ದು ಮರುನಟನೆಯಲ್ಲಿ ಅಲ್ಲ, ಅದು ಮರುನಟನೆ ಎಂದು ನೋಡುಗನಿಗೆ ಹೇಳದೆ ಹೋದದ್ದರಲ್ಲಿ.

ರಷ್ಯಾದವರು ಇನ್ನೊಂದು ಗುಟ್ಟನ್ನು ಕಂಡುಕೊಂಡರು. ಕುಲೆಶೋವ್ ಎಂಬಾತ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಊಟದ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದನಂತೆ. ನೋಡುಗರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಅರ್ಥ ಹುಟ್ಟುವುದು ಒಂದು ಚಿತ್ರದಲ್ಲಲ್ಲ, ಎರಡು ಚಿತ್ರಗಳ ನಡುವಿನ ಬೆಸುಗೆಯಲ್ಲಿ. ಇದೇ 'ಮಾಂಟಾಜ್'. ಜೀಗಾ ವೆರ್ತೋವ್ 1929ರಲ್ಲಿ ತನ್ನ 'ಮ್ಯಾನ್ ವಿತ್ ಎ ಮೂವೀ ಕ್ಯಾಮೆರಾ'ದಲ್ಲಿ ಈ ಬೆಸುಗೆಯ ಕೆಲಸವನ್ನೇ ತೆರೆಯ ಮೇಲೆ ತಂದ. ಛಾಯಾಗ್ರಾಹಕ ಕಾಣುತ್ತಾನೆ, ರೀಲು ಕತ್ತರಿಸುವ ಹೆಣ್ಣುಮಗಳೂ ಕಾಣುತ್ತಾಳೆ. ಅಡುಗೆ ತೋರಿಸುವಾಗ ಒಲೆಯನ್ನೂ ತೋರಿಸಿದಂತೆ. ಇಂದು ಎಲ್ಲಿಯದೋ ಗಲಭೆಯ ದೃಶ್ಯಕ್ಕೆ ನಮ್ಮೂರ ಹೆಸರಿನ ಧ್ವನಿ ಅಂಟಿಸಿ ಮೊಬೈಲುಗಳಲ್ಲಿ ಹರಿಬಿಡುವವರು ಮಾಡುತ್ತಿರುವುದೂ ಮಾಂಟಾಜನ್ನೇ. ಅವರು ಒಲೆಯನ್ನು ಮಾತ್ರ ತೋರಿಸುವುದಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬ್ರಿಟಿಷ್ ಸರ್ಕಾರ 'ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ' ಮತ್ತು 'ಇಂಡಿಯನ್ ನ್ಯೂಸ್ ಪರೇಡ್' ಎಂಬ ಘಟಕಗಳನ್ನು ನಡೆಸಿತು. ಅವು ಯುದ್ಧಪ್ರಚಾರದ ಯಂತ್ರಗಳೆಂಬ ಸಿಟ್ಟು ನಮ್ಮ ನಾಯಕರಿಗಿತ್ತು. 1946ರಲ್ಲಿ ಅವು ಮುಚ್ಚಿದವು. ಪರಿಣಾಮವಾಗಿ 1947ರ ಆಗಸ್ಟ್ 15ನ್ನು ಚಿತ್ರೀಕರಿಸಲು ಸರ್ಕಾರದ ಸ್ವಂತ ಘಟಕವೇ ಇರಲಿಲ್ಲ. ಮರುವರ್ಷ, 1948ರಲ್ಲಿ, ಫಿಲ್ಮ್ಸ್ ಡಿವಿಜನ್ ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಸೆಪ್ಟೆಂಬರ್ 18ರಂದು ನಿಜಾಮನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದರು.

ಈ ಘಟನೆಗಳ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಶರಣಾಗತಿಯ ಆ ಗಂಭೀರ ನೋಟ, ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ನಿಜಾಮ ಕೈಮುಗಿದು ಸರ್ದಾರ್ ಪಟೇಲರನ್ನು ಬರಮಾಡಿಕೊಂಡ ನೋಟ. ಪ್ರತಿ ಸೆಪ್ಟೆಂಬರ್ 17ಕ್ಕೆ ಪತ್ರಿಕೆಗಳಲ್ಲೂ ಟಿ.ವಿ.ಗಳಲ್ಲೂ ಇವೇ ಮರಳಿ ಬರುತ್ತವೆ. ಇವನ್ನು 'ಆರ್ಕೈವಲ್ ಫುಟೇಜ್' ಎನ್ನುತ್ತಾರೆ, ಅಂದರೆ ದಫ್ತರದಲ್ಲಿಟ್ಟ ಹಳೆಯ ರೀಲು. ದಫ್ತರದ ಸ್ವಭಾವವೇನೆಂದರೆ ಅದರಲ್ಲಿ ಇರುವುದು ಮಾತ್ರ ನಡೆಯಿತು, ಇಲ್ಲದ್ದು ನಡೆಯಲೇ ಇಲ್ಲ ಎಂದು ಅದು ನಂಬಿಸುತ್ತದೆ.

ಆ ಕಾಲದ ನ್ಯೂಸ್‌ರೀಲ್ ಕ್ಯಾಮೆರಾಗಳನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಜಗತ್ತಿನಾದ್ಯಂತ ಸುದ್ದಿಯವರು ಬಳಸುತ್ತಿದ್ದ ಐಮೋ ಎಂಬ ಕೈಕ್ಯಾಮೆರಾದಲ್ಲಿ 100 ಅಡಿ ಫಿಲ್ಮ್ ಹಿಡಿಯುತ್ತಿತ್ತು. ಅದು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಓಡುವಷ್ಟೇ. ಗಡಿಯಾರದಂತೆ ಕೀಲಿ ಕೊಡಬೇಕು, ದನಿ ಹಿಡಿಯುವುದಿಲ್ಲ. ಹೀಗಾಗಿ ಯಾವಾಗ, ಎಲ್ಲಿ, ಎಷ್ಟು ಗಂಟೆಗೆ ನಡೆಯುತ್ತದೆಂದು ಮೊದಲೇ ಗೊತ್ತಿರುವ ಸಮಾರಂಭಗಳನ್ನು ತೆಗೆಯಲು ಅದು ಹೇಳಿ ಮಾಡಿಸಿದ್ದು. ಕರಜಗಿಯಂಥ ಊರಿನಲ್ಲಿ ಮಧ್ಯರಾತ್ರಿ ಕದ ಬಡಿದ ಸದ್ದನ್ನು ಅದು ಹಿಡಿಯಲಾರದು.

ಮೂಕ ದೃಶ್ಯಕ್ಕೆ ಆಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸುತ್ತಿದ್ದರು. ತೆರೆಯ ಮೇಲೆ ಮುಖ ತೋರಿಸದ, ಎಲ್ಲವನ್ನೂ ಬಲ್ಲ ಗಡಸು ದನಿ. ಇಂಗ್ಲಿಷಿನವರು ಇದನ್ನು ದೇವರ ದನಿ ಎಂದು ಲೇವಡಿ ಮಾಡುತ್ತಾರೆ. ನಮಗೆ ಬಯಲಾಟ, ಪುರಾಣಗಳಿಂದಲೇ ಪರಿಚಿತವಾದ ಪದವಿದೆ: ಅಶರೀರವಾಣಿ. ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಯಾರಾಗುತ್ತಿದ್ದವು. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮುನ್ನ ಅಣೆಕಟ್ಟು, ನೆರೆ, ಮಂತ್ರಿಗಳ ಶಂಕುಸ್ಥಾಪನೆ ಬಂದುಹೋಗುತ್ತಿದ್ದವು. ಜನ ಅಷ್ಟರಲ್ಲಿ ಶೇಂಗಾ ಕೊಂಡು ಬಂದು ಕೂರುತ್ತಿದ್ದರು. ತೆರೆಯ ಮೇಲೆ ರೈತನಿದ್ದ, ಆದರೆ ಅವನ ಬಾಯಿಗೆ ಮಾತಿರಲಿಲ್ಲ. ಮಾತೆಲ್ಲ ಅಶರೀರವಾಣಿಯದೇ.

ಮಾತು ಜನರ ಬಾಯಿಗೆ ಮರಳಿದ್ದು 1960ರ ಸುಮಾರಿಗೆ. ಹೆಗಲ ಮೇಲೆ ಹೊರುವ 16 ಮಿ.ಮೀ. ಕ್ಯಾಮೆರಾ, ಅದರ ಜತೆಗೇ ಓಡುವ ನಾಗ್ರಾದಂಥ ಟೇಪ್ ರೆಕಾರ್ಡರ್ ಬಂದವು. ತುಟಿಗೂ ದನಿಗೂ ಹೊಂದಾಣಿಕೆಯಾಗುವ ಈ ಏರ್ಪಾಡಿಗೆ 'ಸಿಂಕ್ ಸೌಂಡ್' ಎನ್ನುತ್ತಾರೆ. ಅಮೆರಿಕದ ರಾಬರ್ಟ್ ಡ್ರೂ ತಂಡ 1960ರಲ್ಲಿ 'ಪ್ರೈಮರಿ' ತೆಗೆಯಿತು. ಕೆನೆಡಿಯ ಬೆನ್ನ ಹಿಂದೆಯೇ ಜನರ ನಡುವೆ ನುಗ್ಗಿ ಹೋಗುವ ಚಿತ್ರ ಅದು. ಗೋಡೆಯ ಮೇಲಿನ ನೊಣದಂತೆ ಸುಮ್ಮನೆ ನೋಡುತ್ತಿರುವ ಈ ಬಗೆಗೆ 'ಡೈರೆಕ್ಟ್ ಸಿನಿಮಾ' ಎಂದು ಹೆಸರಾಯಿತು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಜಾನ್ ರೂಶ್ ಮತ್ತು ಎಡ್ಗರ್ ಮೊರಾಂ 'ಕ್ರಾನಿಕಲ್ ಆಫ್ ಎ ಸಮ್ಮರ್' (1961) ತೆಗೆದರು. ಅವರು ಸುಮ್ಮನಿರಲಿಲ್ಲ. ದಾರಿಹೋಕರನ್ನು ನಿಲ್ಲಿಸಿ, ನೀವು ಸುಖವಾಗಿದ್ದೀರಾ ಎಂದು ಕೇಳಿದರು. ಕೊನೆಗೆ ಪಾತ್ರಧಾರಿಗಳನ್ನೇ ಕೂರಿಸಿ ಚಿತ್ರ ತೋರಿಸಿ, ಅವರ ತಕರಾರುಗಳನ್ನೂ ಚಿತ್ರದೊಳಗೆ ಸೇರಿಸಿದರು. ಇದು 'ಸಿನೆಮಾ ವೆರಿತೆ'. ಎರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ. ಮೊದಲನೆಯದು ಮಧ್ಯೆ ಬಾಯಿ ಹಾಕದೆ ಸತ್ಯಕ್ಕಾಗಿ ಕಾಯುತ್ತದೆ, ಎರಡನೆಯದು ಕೆಣಕಿ ಹೊರತರುತ್ತದೆ.

ಈ ಗಾಳಿ ಫಿಲ್ಮ್ಸ್ ಡಿವಿಜನ್ನಿನೊಳಗೂ ಬೀಸಿತು. 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿ 'ಐ ಆಮ್ 20' ತೆಗೆದರು. ಸ್ವಾತಂತ್ರ್ಯದ ಜತೆಯಲ್ಲೇ ಹುಟ್ಟಿದ ಇಪ್ಪತ್ತರ ತರುಣ ತರುಣಿಯರು ತಮ್ಮ ದನಿಯಲ್ಲೇ ದೇಶದ ಬಗ್ಗೆ ಮಾತಾಡುವ ಚಿತ್ರವದು. ಗಿರೀಶ ಕಾರ್ನಾಡರು ದ.ರಾ. ಬೇಂದ್ರೆಯವರ ಮೇಲೆ ಚಿತ್ರ ಮಾಡಿದರು. ಮುಂದೆ 'ಕನಕ ಪುರಂದರ'ವನ್ನೂ, ಸೂಫಿ ಪರಂಪರೆಯ ಮೇಲೆ 'ದಿ ಲ್ಯಾಂಪ್ ಇನ್ ದಿ ನಿಚ್' ಎಂಬ ಚಿತ್ರವನ್ನೂ ಕೊಟ್ಟರು. ಗೂಡಿನೊಳಗಿನ ದೀಪ ಎಂಬ ಆ ಹೆಸರು ಕುರ್‌ಆನಿನ ಸೂರಾ ನೂರನ್ನು ನೆನಪಿಸುತ್ತದೆ. ಫಿಲ್ಮ್ಸ್ ಡಿವಿಜನ್ನಿನ ಹೊರಗೆ, 1980ರಲ್ಲಿ ದೀಪಾ ಧನರಾಜ್ ಮತ್ತು ಗೆಳೆಯರು ಬೆಂಗಳೂರಿನಲ್ಲಿ 'ಯುಗಾಂತರ್' ತಂಡ ಕಟ್ಟಿದರು. 1986ರಲ್ಲಿ ದೀಪಾ ಅವರು 'ಕ್ಯಾ ಹುವಾ ಇಸ್ ಶಹರ್ ಕೋ' ಎಂಬ ಚಿತ್ರದಲ್ಲಿ 1984ರ ಹೈದರಾಬಾದಿನ ಕೋಮುಗಲಭೆಯನ್ನು ದಾಖಲಿಸಿದರು. ಈ ಊರಿಗೆ ಏನಾಯಿತು ಎಂಬ ಆ ಶೀರ್ಷಿಕೆಯ ಪ್ರಶ್ನೆ ಹಳೆಯ ಸಂಸ್ಥಾನದ ಎಲ್ಲ ಊರುಗಳಿಗೂ ಸಲ್ಲುತ್ತದೆ. ಫಿಲ್ಮ್ಸ್ ಡಿವಿಜನ್ನೇ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಗಿ ಹೋಯಿತು. ಆದರೆ ಅದರ ರೀಲುಗಳು ನಮ್ಮೆಲ್ಲರ ಆಸ್ತಿ.

ಮತ್ತೆ ಕರಜಗಿಗೆ ಬರೋಣ. 1948ರ ಬಗ್ಗೆ ನಮ್ಮಲ್ಲಿ ಎರಡು ಕಥೆಗಳಿವೆ. ಒಂದು ರಜಾಕಾರರ ಹಾವಳಿಯದು. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಅದರ ಕರಾಳ ಗುರುತು. ಆಗಸ್ಟಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ಕೊಂದರು. ರಜಾಕಾರರನ್ನು ವಿರೋಧಿಸಿ ಬರೆದದ್ದೇ ಆ ಮುಸ್ಲಿಂ ಪತ್ರಕರ್ತರ ತಪ್ಪಾಗಿತ್ತು. ಇನ್ನೊಂದು ಕಥೆ ಸೇನೆ ಬಂದ ನಂತರದ್ದು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಸಂಸ್ಥಾನದಲ್ಲಿ ಸಂಚರಿಸಿ ಭಾರತ ಸರ್ಕಾರಕ್ಕೆ ವರದಿ ಕೊಟ್ಟಿತು. ಪೊಲೀಸ್ ಆ್ಯಕ್ಷನ್ ಸಮಯದಲ್ಲಿ ಮತ್ತು ನಂತರ ಕನಿಷ್ಠ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡಿರಬೇಕೆಂಬುದು ಅದರ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ನೆರೆಯ ಮುಸ್ಲಿಮರನ್ನು ಕಾಪಾಡಲು ಹೋಗಿ ತಮ್ಮ ಜೀವವನ್ನೇ ಒತ್ತೆಯಿಟ್ಟ ಹಿಂದೂಗಳ, ವಿಶೇಷವಾಗಿ ಜತೆಗಾರ ನೇಕಾರರ, ಉದಾಹರಣೆಗಳನ್ನೂ ಅದೇ ವರದಿ ಕೊಡುತ್ತದೆ. ದಶಕಗಳ ಕಾಲ ಅದನ್ನು ಸರ್ಕಾರ ಪ್ರಕಟಿಸಲಿಲ್ಲ.

ಈ ಎರಡು ಕಥೆಗಳನ್ನು ಎರಡು ಸಮುದಾಯಗಳು ಬೇರೆ ಬೇರೆ ಪಡಸಾಲೆಗಳಲ್ಲಿ ಕೂತು ಹೇಳಿಕೊಳ್ಳುತ್ತಾ ಬಂದಿವೆ. ಒಬ್ಬರ ಪಡಸಾಲೆಯಲ್ಲಿ ಸೆಪ್ಟೆಂಬರ್ 17ಕ್ಕೆ ಕಥೆ ಮುಗಿಯುತ್ತದೆ. ಇನ್ನೊಬ್ಬರಲ್ಲಿ ಅಲ್ಲಿಂದ ಶುರುವಾಗುತ್ತದೆ. ಇದೊಂದು 'ಕಟ್'ನ ಸಮಸ್ಯೆಯೇ ಸರಿ. ಎಲ್ಲಿ ಕತ್ತರಿ ಹಾಕುತ್ತೀರಿ ಎಂಬುದರ ಮೇಲೆ ಯಾರು ಅಪರಾಧಿ ಎಂಬುದು ತೀರ್ಮಾನವಾಗುತ್ತದೆ. ಕರಜಗಿಗೆ ಹೋಗುವ ಚಿತ್ರಕಾರನ ಮೊದಲ ಪರೀಕ್ಷೆ ಇದು. ಅವನು ಎರಡೂ ಪಡಸಾಲೆಗಳ ಹೊಸ್ತಿಲು ತುಳಿಯಬೇಕು.

ಹಾಗಾದರೆ ಚಿತ್ರವೇ ಇಲ್ಲದ ಘಟನೆಯ ಚಿತ್ರ ತೆಗೆಯುವುದು ಹೇಗೆ? ಜಗತ್ತು ಇದಕ್ಕೆ ಕೆಲವು ದಾರಿ ಕಂಡುಕೊಂಡಿದೆ. ನಾಜಿಗಳು ಯಹೂದಿಗಳನ್ನು ಕೊಂದ ಕಥೆಯನ್ನು ಕ್ಲೋಡ್ ಲಾಂಜ್‌ಮನ್ 'ಶೋವಾ' (1985) ಚಿತ್ರದಲ್ಲಿ ಒಂಬತ್ತು ಗಂಟೆಗೂ ಮಿಕ್ಕಿ ಹೇಳಿದ. ಒಂದು ತುಂಡು ಹಳೆಯ ರೀಲನ್ನೂ ಬಳಸಲಿಲ್ಲ. ಉಳಿದವರನ್ನು ಮಾತಾಡಿಸಿದ, ಖಾಲಿ ಬಯಲುಗಳನ್ನು ತೋರಿಸಿದ. ಶಿಬಿರದಲ್ಲಿ ಕೂದಲು ಕತ್ತರಿಸಬೇಕಾಗಿ ಬಂದಿದ್ದ ಕ್ಷೌರಿಕನನ್ನು ಒಂದು ಕ್ಷೌರದಂಗಡಿಯಲ್ಲಿ ನಿಲ್ಲಿಸಿ, ಕೈಯಲ್ಲಿ ಕತ್ತರಿಯಿರುವಾಗಲೇ ಕೇಳಿದ. ಆತ ಮಾತಾಡಲಾರದೆ ನಿಂತ ಹೊತ್ತನ್ನು ಕತ್ತರಿಸಲಿಲ್ಲ. ಕಾಂಬೋಡಿಯಾದ ರಿತಿ ಪಾನ್ ತನ್ನ ಮನೆಯವರನ್ನು ನುಂಗಿದ ಖ್ಮೇರ್ ರೂಜ್ ಆಡಳಿತದ ಬಗ್ಗೆ 2013ರಲ್ಲಿ 'ದಿ ಮಿಸ್ಸಿಂಗ್ ಪಿಕ್ಚರ್' ತೆಗೆದ. ಇಲ್ಲದ ಚಿತ್ರದ ಜಾಗದಲ್ಲಿ ಮಣ್ಣಿನ ಬೊಂಬೆಗಳನ್ನು ಇಟ್ಟ. ಅವು ಬೊಂಬೆಗಳೆಂದು ನೋಡುಗನಿಗೆ ಗೊತ್ತು. ಅಲ್ಲಿ ಮೋಸವಿಲ್ಲ. ಫ್ಲಾಹರ್ಟಿ ಹೇಳದೆ ಬಿಟ್ಟದ್ದನ್ನು ಈತ ಹೇಳಿಯೇ ಮಾಡಿದ.

ಕರಜಗಿಯ ಒಂದು ಮನೆಯಲ್ಲಿ ಹಣ್ಣಾದ ಮುತ್ಯಾ ಒಬ್ಬರು ಮಾತಾಡಲು ಒಪ್ಪಿದರೆಂದು ಭಾವಿಸೋಣ. ಆಗ ಕಸುಬಿನ ಸಣ್ಣಪುಟ್ಟ ಮಾತುಗಳಿಗೆಲ್ಲ ನೈತಿಕ ತೂಕ ಬರುತ್ತದೆ. ಫ್ಯಾನ್ ನಿಲ್ಲಿಸಿ, ಬಾಗಿಲ ಬೆಳಕಿಗೆ ಮುಖ ಮಾಡಿ ಕೂರಿಸುತ್ತೀರಿ. ಅಂಗಿಗೆ ಪುಟ್ಟ ಮೈಕು ಸಿಕ್ಕಿಸುತ್ತೀರಿ. ಮಾತಿಗೆ ಮುನ್ನ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಆ ಮನೆಯ ಮೌನವನ್ನೇ ರೆಕಾರ್ಡು ಮಾಡಿಕೊಳ್ಳುತ್ತೀರಿ. ಪ್ರತಿ ಮನೆಯ ಮೌನವೂ ಬೇರೆ. ಮುಂದೆ ಮಾತುಗಳನ್ನು ಬೆಸೆಯುವಾಗ ನಡುವಿನ ತೆರಪಿಗೆ ಅದು ಬೇಕು. ಇದು 'ರೂಮ್ ಟೋನ್'.

ಇನ್ನು ಪ್ರಶ್ನೆ. "ಮುತ್ಯಾ, ಅವರು ನಿಮ್ಮ ಮನಿ ಸುಟ್ರಲ್ಲಾ?" ಎಂದು ಕೇಳಿದರೆ ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟಂತೆ. "ಅವತ್ತು ಏನಾತು ಮುತ್ಯಾ?" ಎಂದು ಕೇಳಿ ಸುಮ್ಮನಾಗಬೇಕು. ಉತ್ತರ ಮುಗಿದ ಮೇಲೂ ಹತ್ತು ಎಣಿಸಬೇಕು. ನಿಜವಾದ ಮಾತು ಎಷ್ಟೋ ಸಲ ಆ ಮೌನದ ಆಚೆ ಇರುತ್ತದೆ. ಮಾತಿನ ನಡುವೆ ಅವರ ಕೈ, ತಸ್ಬೀಹ್, ಅಂಗಳದ ಬೇವಿನ ಮರ ತೆಗೆದುಕೊಳ್ಳುತ್ತೀರಿ. ಇವು 'ಕಟ್-ಅವೇ'. ನಡುವೆ ಎರಡು ವಾಕ್ಯ ಕಿತ್ತುಹಾಕಿದರೆ ಮುಖ ಜಿಗಿದಂತಾಗುತ್ತದೆ. ಕೈಯ ಚಿತ್ರ ಹಾಕಿದರೆ ಆ ಜಿಗಿತ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಕೆಮ್ಮನ್ನೋ, ಅಥವಾ "ನಮ್ಮವರೂ ಮೊದಲು ತಪ್ಪು ಮಾಡಿದ್ರು" ಎಂಬ ಮಾತನ್ನೋ? ಆ ಕೈ ಒಂದೇ ಥರ ಕಾಣುತ್ತದೆ. ವ್ಯತ್ಯಾಸ ಗೊತ್ತಿರುವುದು ಎಡಿಟಿಂಗ್ ಮೇಜಿನ ಮುಂದೆ ಕೂತವನಿಗೆ ಮಾತ್ರ.

ಭಾಷೆಯದು ಇನ್ನೊಂದು ಪರೀಕ್ಷೆ. ಮುತ್ಯಾ ಕಲಬುರಗಿ ಕನ್ನಡದಲ್ಲಿ ಶುರುಮಾಡಿ, ನೋವಿನ ಜಾಗ ಬಂದಾಗ ದಖನಿಗೆ ಹೊರಳಬಹುದು. ಅದರ ಮೇಲೆ ಗ್ರಾಂಥಿಕ ಕನ್ನಡದ ಧ್ವನಿ ಹಾಕಿದರೆ ಅಶರೀರವಾಣಿ ಹಿಂಬಾಗಿಲಿನಿಂದ ಮರಳಿ ಬಂದಂತೆ. ಕೆಳಗೆ ಅಕ್ಷರ ಹಾಕಿ, ದನಿಯನ್ನು ಹಾಗೇ ಬಿಡಬೇಕು. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಈ ಚಿತ್ರವನ್ನು ಪಕ್ಕದ ಮನೆಯವರೂ ನೋಡುತ್ತಾರೆ, ನಾಳೆ ಮೊಬೈಲಿನಲ್ಲಿ ತುಂಡಾಗಿ ಹರಿದಾಡಬಹುದು ಎಂದು ತಿಳಿಸಿ ಹೇಳಬೇಕು. ಜಗತ್ತಿಗೆ ತೋರಿಸುವ ಮೊದಲು ಊರಿಗೆ ತೋರಿಸಬೇಕು. ಫ್ಲಾಹರ್ಟಿಯೂ ರೂಶನೂ ಅದನ್ನು ಮಾಡಿದ್ದರು.

ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿ ಅಮಾಯಕರಿಗೆ ಕೇಡು ಮಾಡಬೇಡಿ ಎಂಬ ಎಚ್ಚರ ಕುರ್‌ಆನಿನ ಸೂರಾ ಹುಜುರಾತಿನಲ್ಲಿದೆ. ಸಾಕ್ಷಿ ಹೇಳುವಾಗ ಅದು ನಿಮ್ಮ ವಿರುದ್ಧವೇ, ಹೆತ್ತವರ ವಿರುದ್ಧವೇ ಆದರೂ ನ್ಯಾಯ ಬಿಡಬೇಡಿ ಎಂಬ ಆದೇಶ ಸೂರಾ ನಿಸಾದಲ್ಲಿದೆ. ನಮಗೆ ಇವು ಸಾಕ್ಷ್ಯಚಿತ್ರದ ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲದ ನಿಯಮಗಳಾಗಿ ಕಾಣುತ್ತವೆ. ಶೋಯಬುಲ್ಲಾ ಖಾನ್ ತಮ್ಮವರ ವಿರುದ್ಧ ಸಾಕ್ಷಿ ನುಡಿದು ಶಹೀದರಾದರು. ಸುಂದರಲಾಲರ ತಂಡ ತಾವು ಕಟ್ಟಿದ ಹೊಸ ರಾಷ್ಟ್ರದ ವಿರುದ್ಧವೇ ಕಂಡದ್ದನ್ನು ಬರೆಯಿತು. ನೆರೆಯವರಿಗಾಗಿ ಸತ್ತ ನೇಕಾರರು ಬರೆಯಲೂ ಇಲ್ಲ, ಹೇಳಲೂ ಇಲ್ಲ. ಅವರ ಶಹಾದತ್ತಿಗೆ ಎರಡೂ ಅರ್ಥಗಳಿದ್ದವು.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದು ದಾಟಿದ್ದಾರೆ. ಅವತ್ತು ಐಮೋ ಕ್ಯಾಮೆರಾ ಕರಜಗಿಗೆ ಬರಲಿಲ್ಲ ಎಂದು ದೂರುವ ಹಕ್ಕು ನಮಗಿತ್ತು. ಇಂದು ಊರಿನ ಪ್ರತಿ ಹುಡುಗನ ಜೇಬಿನಲ್ಲೂ ಅದಕ್ಕಿಂತ ಹೆಚ್ಚು ಹೊತ್ತು ಓಡುವ, ದನಿಯನ್ನೂ ಹಿಡಿಯುವ ಕ್ಯಾಮೆರಾ ಇದೆ. ಅವನು ಒಂದು ಸಂಜೆ ಕಟ್ಟೆಯ ಮೇಲೆ ಕೂತಿರುವ ತನ್ನ ಮುತ್ಯಾನ ಮುಂದೆಯೂ, ಪಕ್ಕದ ಓಣಿಯ ಆಯಿಯ ಮುಂದೆಯೂ ಅದನ್ನಿಟ್ಟು, ಉತ್ತರ ಒಳಗಿಡದ ಒಂದು ಪ್ರಶ್ನೆ ಕೇಳಿದರೆ ಸಾಕು. ಯಾರು ಹೇಳಿದರು, ಯಾವ ದಿನ, ಯಾವ ಮನೆಯಲ್ಲಿ ಎಂಬುದನ್ನು ಜತೆಗೇ ಬರೆದಿಡಲಿ. ಅದೇ ಆ ಚಿತ್ರದ ಸನದು. ರಿವಾಯತ ಹಾಡುವ ಊರಿಗೆ ಈ ಕಸುಬನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.